ಬೀಗಿತ್ತಿಯ ಮನೆಯ ಬೋರಿನ ನೀರು

ನನ್ನ ಮೊಮ್ಮಗಳಿಗೆ ಇಬ್ಬರು ಅಜ್ಜಿಯರು. ನಾನು ಬರೀ ಅಜ್ಜಿ. ಅವಳ ಅಪ್ಪನ ತಾಯಿ, ಅಂದರೆ ನನ್ನ ಬೀಗಿತ್ತಿ, ‘ಫಾರ್ಮ್ ಅಜ್ಜಿ’. ಆ ಹೆಸರಿನಲ್ಲೇ ಎಷ್ಟು ಗಾಳಿ, ಎಷ್ಟು ಬಯಲು, ಎಷ್ಟು ಕೋಳಿಮರಿ! ನನ್ನ ಹೆಸರಿನಲ್ಲಿ ಹೋಂವರ್ಕ್ ಬಿಟ್ಟರೆ ಏನೂ ಇರಲಿಲ್ಲ.

2010ರ ದಶಕದ ನಡುವಿನ ಮಾತು. ನಾನು ಮಗಳು ಅಳಿಯನ ಜೊತೆ ಆಕ್ಲೆಂಡಿನ ಮೌಂಟ್ ರಾಸ್ಕಿಲ್ಲಿನಲ್ಲಿದ್ದೆ. ಮಗುವನ್ನು ಸ್ಕೂಲಿಗೆ ಬಿಡುವುದು, ಕರೆದುತರುವುದು, ಜಡೆ ಹಾಕುವುದು, ಸ್ಪೆಲಿಂಗ್ ತಿದ್ದುವುದು ಎಲ್ಲಾ ನನ್ನ ಡಿಪಾರ್ಟ್‌ಮೆಂಟು. ವಾರವಿಡೀ ಪ್ರೀತಿಯ ಕೂಲಿ ನಾನು ಮಾಡಿದರೆ, ಭಾನುವಾರ ಬಂತೆಂದರೆ ಮಗು ಕಾರಿನಿಂದ ಹಾರಿ ಬೀಗಿತ್ತಿಯ ಸೊಂಟ ತಬ್ಬಿಕೊಳ್ಳುತ್ತಿದ್ದಳು. ನಾನು ಹಿಂದಿನಿಂದ ಅವಳ ಜಾಕೆಟ್ ಹಿಡಿದುಕೊಂಡು ಇಳಿಯುತ್ತಿದ್ದೆ.

ಬೀಗಿತ್ತಿ ಇದ್ದದ್ದು ದೊಡ್ಡ ಮಗನ ಮನೆಯಲ್ಲಿ. ಊರಿನಿಂದ ಮುಕ್ಕಾಲು ಗಂಟೆ ದೂರ ಹೋದರೆ ಇಲ್ಲಿಯವರು ಲೈಫ್‌ಸ್ಟೈಲ್ ಬ್ಲಾಕ್ ಅನ್ನುವ ತುಂಡು ಜಮೀನುಗಳಿವೆ. ಆಫೀಸು ಊರಲ್ಲಿ, ಕುರಿ ಹಿತ್ತಲಲ್ಲಿ. ಅಂಥದೊಂದನ್ನು ಆತ ಕೊಂಡಿದ್ದ. ಅಲ್ಲಿಗೆ ಕೌನ್ಸಿಲ್ಲಿನ ನಲ್ಲಿ ನೀರು ಬರುವುದಿಲ್ಲ. ಆ ರಸ್ತೆಯ ಮನೆಗಳಿಗೆಲ್ಲ ಅವರವರದೇ ಬೋರು. ಆ ಬೋರಿನ ನೀರೇ ನನ್ನ ಹೊಟ್ಟೆ ಉರಿಸಿದ್ದು.

ಹೇಗಿತ್ತು ಅಂತೀರಿ! ತೊಗರಿಬೇಳೆ ಕೈಯಲ್ಲಿ ಹಿಸುಕುವ ಹಾಗೆ ಬೇಯುತ್ತಿತ್ತು. ಫಿಲ್ಟರಿನಲ್ಲಿ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತಿತ್ತು. ನಮ್ಮ ರಾಸ್ಕಿಲ್ಲಿನ ನಲ್ಲಿ ತಿರುಗಿಸಿದರೆ ಕ್ಲೋರಿನ್ ವಾಸನೆ, ಸ್ವಿಮ್ಮಿಂಗ್ ಪೂಲಿನಲ್ಲಿ ಬೇಳೆ ಹಾಕಿದ ಹಾಗೆ. ಅಲ್ಲಿಗೆ ಹೋದ ಕನ್ನಡದವರೆಲ್ಲ, ಬೆಂಗಳೂರಿನವರು ಮೈಸೂರಿನವರು ಧಾರವಾಡದವರು, ವಾಪಸು ಬರುವಾಗ ಡಿಕ್ಕಿಯಲ್ಲಿ ಒಂದೊಂದು ಕ್ಯಾನು ನೀರು ಇಟ್ಟುಕೊಂಡೇ ಬರುತ್ತಿದ್ದರು. "ಆಂಟೀ, ನಿಮ್ಮನೆ ನೀರು ಅಮೃತ ಕಣ್ರೀ" ಅನ್ನುತ್ತಿದ್ದರು. ಬೀಗಿತ್ತಿ ಸೆರಗಿನಲ್ಲಿ ಕೈ ಒರೆಸಿಕೊಂಡು, "ನಂದೇನಿದೆ, ಭೂಮಿತಾಯಿ ಕೊಡ್ತಾಳೆ" ಅನ್ನುತ್ತಿದ್ದರು. ಆ ವಿನಯ ಇದೆಯಲ್ಲ, ಅದು ಜಂಬಕ್ಕಿಂತ ಜಾಸ್ತಿ ಚುಚ್ಚುತ್ತದೆ.

ಅದರ ಮೇಲೆ ಆಕೆಯದೊಂದು ಪದ್ಧತಿ. ತಾಮ್ರದ ಬಿಂದಿಗೆಯಲ್ಲಿ ಕುಡಿಯುವ ನೀರು ತುಂಬಿ, ದೇವಸ್ಥಾನದ ತೀರ್ಥಕ್ಕೆ ಹಾಕುವ ಹಾಗೆ ಚಿಟಿಕೆ ಪಚ್ಚಕರ್ಪೂರ ಉದುರಿಸುತ್ತಿದ್ದರು. ಬಂದವರಿಗೆ ಚೇರು ತೋರಿಸುವ ಮೊದಲೇ ಒಂದು ಲೋಟ ಆ ನೀರು. ಮೊಮ್ಮಗಳಿಗಂತೂ ತಾವೇ ಲೋಟ ಹಿಡಿದು ಕುಡಿಸುತ್ತಿದ್ದರು. ನನಗೂ ಕೊಡುತ್ತಿದ್ದರು. ನಾನು, "ಇರಲಿ, ಆಮೇಲೆ ಕಾಫೀನೇ ಕುಡೀತೀನಿ" ಅನ್ನುತ್ತಿದ್ದೆ. ಕಾಫಿಯೂ ಆ ಬೋರಿನದೇ, ಕೊನೆಗೂ ಆ ನೀರನ್ನೇ ಕುಡಿದ ಹಾಗಾಯಿತು ಬಿಡಿ.

ನಾನು ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು, ಹಾಸ್ಟೆಲ್ಲಿನಲ್ಲಿದ್ದವಳು. ನನ್ನ ಇಂಗ್ಲಿಷಿಗೆ ಎಲೊಕ್ಯೂಷನ್‌ನಲ್ಲಿ ಬಹುಮಾನದ ಕಪ್ ಬಂದಿದೆ. ಬೀಗಿತ್ತಿಗೆ ‘ಥ್ಯಾಂಕ್ಯೂ’, ‘ಕಮ್ ಕಮ್’, ‘ಈಟ್’ ಬಿಟ್ಟರೆ ಇಂಗ್ಲಿಷಿಲ್ಲ. ಆದರೆ ಆ ರಸ್ತೆಯ ನ್ಯೂಜಿಲೆಂಡಿನವರೆಲ್ಲ ಬೇಲಿ ದಾಟಿ ಬಂದು ಮಾತಾಡಿಸುತ್ತಿದ್ದುದು ಆಕೆಯನ್ನೇ. ಎದುರು ಮನೆಯಲ್ಲಿ ಈ ನಾಡಿನ ಮೂಲನಿವಾಸಿ, ಒಬ್ಬ ಮಾವೊರಿ ಹೆಂಗಸು, ಐವತ್ತರ ಆಸುಪಾಸು. ಆಕೆಯ ಜಾಗದಲ್ಲೊಂದು ಒರತೆ. ಅದರಂಚಿನಲ್ಲಿ ಬೆಳೆಯುವ ವಾಟರ್‌ಕ್ರೆಸ್ ಸೊಪ್ಪನ್ನು ತಂದುಕೊಡುತ್ತಿದ್ದಳು. ಬೀಗಿತ್ತಿ ಅದನ್ನೇ ಬೇಳೆಗೆ ಹಾಕಿ ಮಸ್ಸೊಪ್ಪು ಮಾಡಿ ಡಬ್ಬಿ ತುಂಬಿ ವಾಪಸು ಕಳಿಸುತ್ತಿದ್ದರು. ರಾಸ್ಕಿಲ್ಲಿನಲ್ಲಿ ನನ್ನ ಪಕ್ಕದ ಮನೆಯವನು ಅಷ್ಟು ವರ್ಷದಲ್ಲಿ ಮಾತಾಡಿದ್ದು ಒಂದೇ ಸಲ, ಅವನ ಡಸ್ಟ್‌ಬಿನ್ನು ಗಾಳಿಗೆ ಉರುಳಿ ನಮ್ಮ ಗೇಟಿಗೆ ಬಂದಾಗ.

ಒಂದು ಸೋಮವಾರ ಸ್ಕೂಲಿನಿಂದ ಬಂದ ಮಗುವಿಗೆ ನೀರು ಕೊಟ್ಟೆ. ಒಂದು ಗುಟುಕು ಕುಡಿದು ಇಟ್ಟಳು. "ಅಜ್ಜಿ, ಇಟ್ಸ್ ಜಸ್ಟ್ ವಾಟರ್. ಫಾರ್ಮ್ ಅಜ್ಜೀಸ್ ವಾಟರ್ ಹ್ಯಾಸ್ ಅ ಸ್ಮೆಲ್."

ಅಷ್ಟು ಸಾಕಾಯಿತು. ಮಾರನೆಯ ದಿನವೇ ಇಂಡಿಯನ್ ಅಂಗಡಿಗೆ ಹೋಗಿ ಪಚ್ಚಕರ್ಪೂರ ತಂದೆ. ತಾಮ್ರದ ಬಿಂದಿಗೆ ಇರಲಿಲ್ಲ, ಗಾಜಿನ ಜಗ್ಗಿಗೇ ಚಿಟಿಕೆ ಹಾಕಿದೆ. ಮಗು ಮೂಸಿ, ಕುಡಿದು, ನಾನು ಕಲಿಸಿದ ಮ್ಯಾನರ್ಸಿನಲ್ಲೇ ಹೇಳಿದಳು, "ಇಟ್ಸ್ ವೆರಿ ನೈಸ್, ಅಜ್ಜಿ. ಬಟ್ ನಾಟ್ ದಟ್ ಸ್ಮೆಲ್."

ಇನ್ನೊಂದು ಚಿಟಿಕೆ ಹಾಕಿದೆ. ಆಮೇಲೆ ಇನ್ನೊಂದು. ಅಳಿಯ ಆಫೀಸಿನಿಂದ ಬಂದವನು ಅಡುಗೆಮನೆ ಬಾಗಿಲಲ್ಲೇ ನಿಂತು, "ಅತ್ತೆ, ಮಂಗಳಾರತಿ ಎಷ್ಟೊತ್ತಿಗೆ?" ಅಂದ. ಮಗಳು ನಗು ತಡೆದುಕೊಂಡು ಕಿಟಕಿ ತೆಗೆದಳು.

ಸೋತರೂ ನನ್ನ ಮೂಗು ಆ ವಾರದಲ್ಲಿ ಒಂದು ವಿದ್ಯೆ ಕಲಿಯಿತು. ಪಚ್ಚಕರ್ಪೂರದ ನೀರು ಹೇಗಿರುತ್ತದೆ, ಕಡಿಮೆಯಾದರೆ ಹೇಗೆ, ಹೆಚ್ಚಾದರೆ ಹೇಗೆ ಅನ್ನುವುದು ಪೂರ್ತಿ ಗೊತ್ತಾಯಿತು. ಭಾನುವಾರ ಬೀಗಿತ್ತಿಯ ಮನೆಯಲ್ಲಿ ಮೊದಲ ಸಲ ಲೋಟ ಇಸಕೊಂಡು ಮೂಗಿನ ಹತ್ತಿರ ಹಿಡಿದೆ. ಮಗು ಹೇಳಿದ್ದು ಸರಿ. ಇದು ಆ ವಾಸನೆ ಅಲ್ಲ.

"ಎಷ್ಟು ಹಾಕ್ತೀರಿ, ಬೀಗಿತ್ತಿಯವರೇ?" ಅಂದೆ, ಸುಮ್ಮನೆ ಕೇಳುವವಳ ಹಾಗೆ.

ಆಕೆ ನಕ್ಕರು. "ಅಯ್ಯೋ, ಹಾಕೋದು ಬಿಟ್ಟು ತಿಂಗಳ ಮೇಲಾಯ್ತು. ಡಬ್ಬಿ ಖಾಲಿ. ತಂದ್ಕೊಡೋ ಅಂತ ಇವನಿಗೆ ಹೇಳಿ ಹೇಳಿ ಸಾಕಾಯ್ತು. ನೋಡಿ, ಬಿಂದಿಗೇನೇ ಕುಡ್ಕೊಂಡುಬಿಟ್ಟಿದೆ ಘಮಾನ. ಹಾಕ್ದೇ ಇದ್ರೂ ಬರತ್ತೆ!"

ಎಲ್ಲರೂ ಹೌದು ಹೌದು ಅಂದರು. ಹಳೇ ತಾಮ್ರ ಅಂದರೆ ಸುಮ್ಮನೇನಾ ಅಂದರು. ನಾನು ಎದ್ದು ಹಿತ್ತಲಿಗೆ ಹೋದೆ. ಬೋರಿನಿಂದ ನೇರ ಬರುವ ತೋಟದ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದೆ. ಬಿಂದಿಗೆ ಇಲ್ಲ, ಕರ್ಪೂರ ಇಲ್ಲ, ವಾಸನೆ ಮಾತ್ರ ಇದೆ. ನನಗೆ ಥಟ್ಟನೆ ಹಾಸ್ಟೆಲ್ ಕಂಡಿತು. ಸೊಳ್ಳೆ ಹೆಚ್ಚಾದಾಗ ಒಬ್ಬ ಮುದಿ ಸಿಸ್ಟರು ಬಿಳಿ ಉಡುಪು ಎತ್ತಿ ಹಿಡಿದು ಬಚ್ಚಲ ಮೋರಿಗಳಿಗೆಲ್ಲ ಸೀಮೆಎಣ್ಣೆ ಸುರಿಯುತ್ತಿದ್ದರು. ಬೆಳಿಗ್ಗೆ ಮುಖ ತೊಳೆಯಲು ಸಾಲಿನಲ್ಲಿ ನಿಂತರೆ ಬಚ್ಚಲೆಲ್ಲ ಇದೇ ವಾಸನೆ, ತೆಳ್ಳಗೆ, ಗಂಟಲ ಹಿಂದೆ ಕೂರುವಂಥದ್ದು.

ಒಳಗೆ ಬಂದು ಹೇಳಿದೆ. "ಇದು ಸೀಮೆಎಣ್ಣೆ. ನಿಮ್ಮ ಬೋರಿನಲ್ಲಿ ಏನೋ ಎಣ್ಣೆ ಸೇರಿದೆ. ಮಗೂಗೆ ಕುಡಿಸಬೇಡಿ."

ಹುಡುಗಿಯ ತಾಯಿ ಬೀಗರ ಮನೆಯ ಪಾಯಸಕ್ಕೆ ಸಕ್ಕರೆ ಸಾಲದು ಎಂದರೂ ಅದು ವರ್ಷಗಟ್ಟಲೆ ಉಳಿಯುವ ಮಾತು. ನಾನು ಅವರ ನೀರಿಗೇ ಹೆಸರಿಟ್ಟಿದ್ದೆ. ಬೀಗಿತ್ತಿ ಮೆಲ್ಲಗೆ, "ನಿಮಗೆ ಟೌನ್ ನೀರು ರೂಢಿ ನೋಡಿ, ಅದಕ್ಕೇ ಹಾಗನ್ಸತ್ತೆ" ಅಂದು ಮಗುವಿನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ಲೋಟವನ್ನೂ ತುಂಬಿದರು.

ಮನೆಗೆ ಬಂದ ಮೇಲೆ ಮಗಳದು ಶುರುವಾಯಿತು.

"ಅಮ್ಮ, ಅಷ್ಟು ಜನರ ಮುಂದೆ! ಅತ್ತೆಯವರ ಮುಖ ನೋಡಿದ್ಯಾ?"

"ನೀರಿನ ವಾಸನೆ ನೋಡಿದ್ಯಾ ನೀನು?"

"ಎಲ್ಲರೂ ಕುಡೀತಿದಾರೆ, ಯಾರಿಗೂ ಬರದ ವಾಸನೆ ನಿಂಗೊಬ್ಬಳಿಗೇ. ಜೆಲಸ್ ಅಂತ ಒಪ್ಕೊಂಡುಬಿಡು, ಮುಗೀತು."

"ಜೆಲಸೇ. ಯಾರು ಅಲ್ಲಾಂದ್ರು? ಹೊಟ್ಟೆಕಿಚ್ಚಿರೋರಿಗೆ ಮೂಗಿರಲ್ವೇನೆ?"

ಅಳಿಯ ಟಿವಿಯ ವಾಲ್ಯೂಮ್ ಹೆಚ್ಚಿಸಿದ. ಒಳ್ಳೆಯ ಹುಡುಗ. ಆದರೆ ಅವನ ತಾಯಿಯ ಮಾತು ಬಂದರೆ ಅವನಿಗೆ ಕ್ರಿಕೆಟ್ಟು ಬಹಳ ಇಂಪಾರ್ಟೆಂಟ್ ಆಗಿಬಿಡುತ್ತಿತ್ತು.

ಮುಂದಿನ ಭಾನುವಾರ ಮಗುವಿನ ಬ್ಯಾಗಿನಲ್ಲಿ ಮನೆಯ ನೀರಿನ ಬಾಟಲಿ ಇಟ್ಟೆ. "ಇದನ್ನೇ ಕುಡಿ, ಪ್ರಾಮಿಸ್?" ಅಂದೆ. ಪ್ರಾಮಿಸ್ ಅಂದಳು. ಅಲ್ಲಿ ಹೋದರೆ ಅವಳು ಆ ನೀರನ್ನು ಕೋಳಿಗಳ ಬೋಗುಣಿಗೆ ಸುರಿದು, ಫಾರ್ಮ್ ಅಜ್ಜಿಯ ಲೋಟಕ್ಕೆ ಬಾಯಿಟ್ಟು ನಿಂತಿದ್ದಳು. ನಾನು ಲೋಟ ಕಿತ್ತುಕೊಂಡೆ. ಅವಳ ಫ್ರಾಕೆಲ್ಲ ನೆನೆಯಿತು. "ಯೂ ಆರ್ ಸೋ ಮೀನ್!" ಎಂದು ಅತ್ತು ಬೀಗಿತ್ತಿಯ ಸೆರಗಿನಲ್ಲಿ ಮುಖ ಮುಚ್ಚಿದಳು. ಬೀಗಿತ್ತಿ ಅವಳ ತಲೆ ಸವರುತ್ತಾ ನನ್ನನ್ನೇ ನೋಡುತ್ತಿದ್ದರು. ಆ ಕ್ಷಣದಲ್ಲಿ ಆ ನೀರಿಗಿಂತ ಆ ಸೆರಗನ್ನು ಕಂಡು ನನಗೆ ಹೆಚ್ಚು ಉರಿಯಿತು. ಅಳುವುದಕ್ಕೂ ಮಗು ನನ್ನ ಸೆರಗನ್ನು ಹುಡುಕಲಿಲ್ಲವಲ್ಲ.

ಅಲ್ಲಿ ನಿಲ್ಲಲಾರದೆ ಗೇಟು ದಾಟಿ ರಸ್ತೆಗೆ ಬಂದೆ. ಎದುರು ಮನೆಯ ಹೆಂಗಸು ಬೇಲಿಯ ಹತ್ತಿರ ತನ್ನ ಮಗನ ಯೂಟ್ ಅನ್ನುವ ಪಿಕಪ್ ಗಾಡಿಯ ಬಾನೆಟ್ ಎತ್ತಿ ಒಳಗೆ ಇಣುಕುತ್ತಿದ್ದಳು. "ಆಂಟಿ, ಯೂ ಓಕೆ?" ಅಂದಳು. ಈ ದೇಶದಲ್ಲಿ ಮಾವೊರಿಗಳೂ ನಮ್ಮ ಹಾಗೇ, ಕಂಡ ಹಿರಿಯರಿಗೆಲ್ಲ ಆಂಟಿ ಅನ್ನುತ್ತಾರೆ. ನನಗೆ ಆ ದಿನ ಅಷ್ಟೇ ಸಾಕಿತ್ತು. ಕೇಳಿಯೇಬಿಟ್ಟೆ, ಕಾನ್ವೆಂಟಿನ ಫುಲ್ ಸೆಂಟೆನ್ಸಿನಲ್ಲಿ, ನಿಮ್ಮ ನೀರಿನಲ್ಲಿ ಏನಾದರೂ ವಾಸನೆ ಗಮನಿಸಿದ್ದೀರಾ ಎಂದು.

ಆಕೆ ಬಾನೆಟ್ ಮುಚ್ಚಿದಳು. "ನಾನು ಈ ಯೂಟಿನದು ಅಂದ್ಕೊಂಡಿದ್ದೆ, ಆಂಟಿ" ಅಂದಳು. "ಡೀಸೆಲ್ ಸೋರುತ್ತಿದೆ, ರಿಪೇರಿ ಮಾಡಿಸು ಅಂತ ಮಗನಿಗೆ ಬೇಸಿಗೆಯಿಂದ ಬೈಯ್ತಾ ಇದ್ದೀನಿ. ಅವನು ಸೋರೋದೇ ಇಲ್ಲ ಅಂತಾನೆ. ಪಾಪ, ಸುಳ್ಳು ಹೇಳ್ತಿದ್ದಾನೆ ಅಂದ್ಕೊಂಡಿದ್ದೆ."

ಒರತೆಯ ಹತ್ತಿರ ಕರೆದುಕೊಂಡು ಹೋದಳು. ವಾಟರ್‌ಕ್ರೆಸ್ ಎಲೆಗಳ ನಡುವೆ ನೀರು ನಿಂತ ಕಡೆ, ನವಿಲಿನ ಕತ್ತಿನ ಬಣ್ಣದ ತೆಳುವಾದ ಪೊರೆ. ಬೂಟಿನ ತುದಿಯಿಂದ ಕದಡಿದಳು. ಒಡೆಯಿತು, ಮತ್ತೆ ಕೂಡಿಕೊಂಡಿತು. ತನ್ನ ಅಜ್ಜಿಯ ಅಜ್ಜಿ ಸೊಪ್ಪು ಕಿತ್ತ ಜಾಗ ಇದು ಅಂದಳು. ಯೂಟಿನ ಡೀಸೆಲ್ ಇಲ್ಲಿಗೂ ಹರಿದಿದೆ ಅಂದುಕೊಂಡು, ವಾಸನೆ ಶುರುವಾದಾಗಿನಿಂದ ತಾನು ಕೀಳುವುದು ಬಿಟ್ಟಿದ್ದೇನೆ ಅಂದಳು. ಆಮೇಲೆ ನನ್ನ ಹಿಂದೆ, ಬೀಗಿತ್ತಿಯ ಮನೆಯ ಕಡೆ ನೋಡಿ, "ಅವರಿಗೆ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ. ಸೊಪ್ಪು ಯಾಕೆ ತರಲಿಲ್ಲ ಅಂತ ಕೇಳ್ತಾನೇ ಇದ್ರು, ಕೈ ಮಾಡಿ" ಅಂದಳು.

ಕೌನ್ಸಿಲ್ಲಿಗೆ ಫೋನ್ ಮಾಡಿದ್ದು ಆಕೆಯೇ. ನಾನು ಪಕ್ಕದಲ್ಲಿ ನಿಂತು ವಾಸನೆಯನ್ನು ವರ್ಣಿಸಿದೆ.

ಆ ವಾರ ವ್ಯಾನು ಬಂತು, ಕೈಗವಸು ಹಾಕಿದವರು ಸೀಸೆಗಳಲ್ಲಿ ನೀರು ತುಂಬಿಕೊಂಡು ಹೋದರು. ರಿಪೋರ್ಟು ಬರುವ ಮೊದಲೇ ಬಾಗಿಲು ಬಾಗಿಲಿಗೂ ಬಂದು ಹೇಳಿದರು. ಈ ನೀರು ಕುಡಿಯಬೇಡಿ, ಅಡುಗೆಗೆ ಬೇಡ, ಕುದಿಸಿದರೂ ಪ್ರಯೋಜನವಿಲ್ಲ, ಸ್ನಾನವೂ ಸದ್ಯಕ್ಕೆ ಬೇಡ. ರಸ್ತೆಯ ಮೇಲ್ತುದಿಯಲ್ಲಿ ಯಾವತ್ತೋ ಮುಚ್ಚಿಹೋದ ಒಂದು ಲಾರಿ ಯಾರ್ಡು ಇತ್ತು, ಹುಲ್ಲು ಬೆಳೆದು ಅದು ಯಾರ್ಡು ಅನ್ನುವುದೇ ಮರೆತುಹೋಗಿತ್ತು. ಅದರ ನೆಲದಡಿಯ ಡೀಸೆಲ್ ಟ್ಯಾಂಕನ್ನು ಖಾಲಿ ಮಾಡದೆಯೇ ಬಿಟ್ಟು ಹೋಗಿದ್ದರಂತೆ. ತುಕ್ಕು ಹಿಡಿದು ಹನಿಹನಿಯಾಗಿ ಸೋರಿ ಮಣ್ಣಿಗಿಳಿದು, ಮಣ್ಣಿನಿಂದ ಎಲ್ಲರ ಬೋರಿಗೆ. ಕಲ್ಲು ಮಣ್ಣು ಸೋಸಿ ಕೊಡುತ್ತದೆ ಅಂದುಕೊಂಡಿದ್ದ ಜನ ನಾವು.

ಮಗಳು ನನ್ನ ರೂಮಿಗೆ ಬಂದು ಮಂಚದ ಅಂಚಿನಲ್ಲಿ ಕೂತಳು. "ಅಮ್ಮ" ಅಂದಳು, ಅಷ್ಟೇ. ಗೆದ್ದೆ ಅನ್ನಿಸಬೇಕಿತ್ತು. ಆದರೆ ಪಕ್ಕದ ರೂಮಿನಲ್ಲಿ ಮಗು ಕೆಮ್ಮಿದರೆ ಇಬ್ಬರೂ ಒಟ್ಟಿಗೇ ಎದ್ದೆವು.

ಡಾಕ್ಟರು ಮಗುವಿನ ರಕ್ತ, ಮೂತ್ರ ಎಲ್ಲ ನೋಡಿದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಅಂದರು. ‘ಸದ್ಯಕ್ಕೆ’ ಅನ್ನುವ ಪದವನ್ನು ಅಷ್ಟು ಮೃದುವಾಗಿ ಹೇಳುವುದನ್ನು ಅವರು ಎಲ್ಲಿ ಕಲಿತರೋ! ಮುಂದೆಯೂ ಆಗಾಗ ಕರೆತನ್ನಿ ಎಂದರು.

ಆ ರಸ್ತೆಗೆ ಟ್ಯಾಂಕರು ಬರತೊಡಗಿತು. ಕುದುರೆ ಸಾಕಿದವಳು ಕುದುರೆಗಳನ್ನು ಬೇರೆಡೆಗೆ ಸಾಗಿಸಿದಳು. ಕರು ಸಾಕುವ ವಯಸ್ಸಾದ ಗಂಡಹೆಂಡತಿ ಮನೆ ಮಾರಿ ಊರಿಗೆ ಹೋಗಬೇಕೆಂದಿದ್ದರು, ಕೊಳ್ಳುವವರು ಫೋನೆತ್ತುವುದನ್ನೇ ಬಿಟ್ಟರು. ಡಿಕ್ಕಿ ತುಂಬ ಕ್ಯಾನು ಒಯ್ಯುತ್ತಿದ್ದ ನಮ್ಮ ಕನ್ನಡದವರು, "ನಮಗೆ ಆವಾಗಲೇ ಡೌಟಿತ್ತು" ಅಂದರು. ಬೀಗಿತ್ತಿ ಬದನೆ, ಮೆಂತ್ಯ, ಕೊತ್ತಂಬರಿ ಮಡಿಗಳನ್ನು ಕಿತ್ತು ಒಂದು ಮೂಲೆಗೆ ಹಾಕಿದರು. ಗೊಬ್ಬರಕ್ಕೂ ಬೇಡ ಅಂದಿದ್ದರು ಕೌನ್ಸಿಲ್ಲಿನವರು.

ಹಳ್ಳಿಯ ಸಭಾಂಗಣದಲ್ಲಿ ಮೀಟಿಂಗು ಕರೆದರು. ಚೇರು ಸಾಲದೆ ಜನ ಗೋಡೆಗೆ ಒರಗಿದ್ದರು. ಕೌನ್ಸಿಲ್ಲಿನ ಹುಡುಗಿ ಮ್ಯಾಪು ತೋರಿಸಿ, ಮಾನಿಟರಿಂಗ್ ಅಂದಳು, ಪ್ರೋಸೆಸ್ ಅಂದಳು. ಎದುರು ಮನೆಯ ಹೆಂಗಸು ಒರತೆಯ ಮಾತಾಡಿ, ಅರ್ಧದಲ್ಲಿ ನಿಲ್ಲಿಸಿ ಕೂತಳು. ಕೂತವಳು ಬೀಗಿತ್ತಿಯ ಭುಜ ಮುಟ್ಟಿ, ನೀವೂ ಹೇಳಿ ಅಂದಳು.

ಬೀಗಿತ್ತಿ ಎದ್ದು ನಿಂತರು. ನಿಂತು ನನ್ನ ಕಡೆ ತಿರುಗಿದರು. "ನೀವು ಇಂಗ್ಲಿಷ್ನಲ್ಲಿ ಹೇಳ್ತೀರಾ, ಬೀಗಿತ್ತಿಯವರೇ? ನನ್ನ ಮಕ್ಕಳು ಹೇಳಿದ್ರೆ ಬಿಟ್ಬಿಟ್ಟು ಹೇಳ್ತಾರೆ. ನೀವು ಪೂರ್ತಿ ಹೇಳ್ತೀರ."

ನಾನೂ ಎದ್ದೆ. ಆಕೆ ಒಂದೊಂದೇ ಮಾತು ಹೇಳಿದರು, ನಾನು ಒಂದೊಂದನ್ನೇ ಇಂಗ್ಲಿಷಿಗೆ ತಂದೆ.

"ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡ್ತೀವಿ. ನಾನು ಈ ರಸ್ತೆಯವರಿಗೆಲ್ಲ ಕೊಟ್ಟಿದ್ದೀನಿ. ಟಪಾಲಿನವನಿಗೆ ಕೊಟ್ಟಿದ್ದೀನಿ. ನನ್ನ ಮೊಮ್ಮಗಳಿಗೆ ಕೈಯಾರೆ ಕುಡಿಸಿದ್ದೀನಿ. ಇವರು ಬೇಡ ಬೇಡ ಅಂದ್ರೂ ಕುಡಿಸಿದ್ದೀನಿ. ನೀವು ಟ್ಯಾಂಕರ್ ಕಳಿಸ್ತೀರ, ಸಂತೋಷ. ಅವಳ ಹೊಟ್ಟೆಗೆ ಹೋಗಿದ್ದನ್ನ ಯಾವ ಟ್ಯಾಂಕರಲ್ಲಿ ವಾಪಸ್ ತರ್ತೀರ, ಅದೊಂದು ಹೇಳಿ."

ಕೊನೆಯ ವಾಕ್ಯಕ್ಕೆ ನನ್ನ ಇಂಗ್ಲಿಷು ಸ್ವಲ್ಪ ನಡುಗಿತು, ಆದರೂ ಒಂದು ಆರ್ಟಿಕಲ್ಲೂ ತಪ್ಪಲಿಲ್ಲ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಕರು ಸಾಕುವ ಮುದುಕ ಬಂದು ಬೀಗಿತ್ತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ‘ಬ್ಯೂಟಿಫುಲ್ಲಿ ಸೆಡ್’ ಅಂದ. ಬ್ಯೂಟಿಫುಲ್ಲಿ ಸೆಡ್! ಆ ಇಂಗ್ಲಿಷು ಯಾರದಪ್ಪಾ? ಎಲೊಕ್ಯೂಷನ್ ನನ್ನದು, ಚಪ್ಪಾಳೆ ಅವರದು. ನಾನು ಪಕ್ಕದಲ್ಲಿ ಮೈಕಿನ ಸ್ಟ್ಯಾಂಡಿನ ಹಾಗೆ ನಿಂತಿದ್ದೆ. ಅಂಥ ಹೊತ್ತಿನಲ್ಲೂ ಹಾಗನ್ನಿಸಿತೇ ಎಂದು ಕೇಳಿದರೆ, ಅನ್ನಿಸಿತು. ಕಣ್ಣು ಒದ್ದೆಯಾಗಿದ್ದೂ ನಿಜ, ಉರಿದದ್ದೂ ನಿಜ.

ಬೋರು ಸರಿಯಾಗಲು ಎಷ್ಟು ಕಾಲ ಬೇಕೋ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಮಗ ಸೊಸೆ ಹೇಗೋ ಟ್ಯಾಂಕರಿನ ನೀರಲ್ಲಿ ಸುಧಾರಿಸಿದರು. ಬೀಗಿತ್ತಿಯನ್ನು ಅಳಿಯ ನಮ್ಮ ಮನೆಗೇ ಕರೆತಂದ. ನನ್ನ ರೂಮಿನಲ್ಲಿ ಇನ್ನೊಂದು ಮಂಚ ಬಿತ್ತು.

ಸಾಂತ್ವನ ಹೇಳಲು ಜನ ಬಂದರೇ ಬಂದರು. ನನ್ನ ಸೋಫಾದಲ್ಲಿ ಕೂತು, ನಾನು ಮಾಡಿದ ಕಾಫಿ ಕುಡಿದು, "ಪಾಪ ಆಂಟಿ, ಎಷ್ಟು ಸೊರಗಿದೀರಿ" ಎಂದು ಅವರ ಕೈ ಹಿಡಿಯುತ್ತಿದ್ದರು. ಬೀಗಿತ್ತಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರ ಮೂಗು ಇಲ್ದೇ ಇದ್ರೆ ನಮ್ಮ ಗತಿ ಏನಾಗ್ತಿತ್ತೋ" ಅನ್ನುತ್ತಿದ್ದರು. ಹೊಗಳಿಕೆಯೇ. ಆದರೆ ಅಷ್ಟು ದೊಡ್ಡ ಮನಸ್ಸನ್ನು ಅವರೇ ತೋರಿಸಿಬಿಟ್ಟರೆ ನನಗೆ ತೋರಿಸಲು ಏನುಳಿಯಿತು?

ಒಂದು ಮಾತ್ರ ಗಮನಿಸಿದೆ. ನಮ್ಮ ಮನೆಯಲ್ಲಿ ಅವರು ಮಗುವಿಗೆ ಏನನ್ನೂ ಕೈಯಾರೆ ಕೊಡುತ್ತಿರಲಿಲ್ಲ. ಮಗು ಹಸಿವು ಅಂದರೆ, "ಅಜ್ಜೀನ ಕೇಳು ಪುಟ್ಟ" ಅನ್ನುತ್ತಿದ್ದರು. ನೀರು ಅಂದರೆ ಮಡಿಲಲ್ಲಿ ಕೈ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ವಾರಗಟ್ಟಲೆ ನೋಡಿದೆ. ಒಂದು ಶನಿವಾರ ಮಗು ಆಡಿ ಬಂದು ದಾಹ ಅಂದಳು. ನಾನು ಹಿಟ್ಟು ಕಲಸುತ್ತಿದ್ದೆ. "ನನ್ನ ಕೈ ಹಿಟ್ಟಾಗಿದೆ, ನೀವೇ ಕೊಡಿ" ಅಂದೆ.

ಬೀಗಿತ್ತಿ ಅಲುಗಲಿಲ್ಲ. "ಕೈ ತೊಳ್ಕೊಂಡು ಕೊಡಿ. ಕಾಯ್ತಾಳೆ."

"ರಾಸ್ಕಿಲ್ಲಿನ ನಲ್ಲಿ ನೀರು ರೀ. ಕ್ಲೋರಿನ್ ಬಿಟ್ರೆ ಏನೂ ಇಲ್ಲ. ನಾನೇ ಮೂಸಿದ್ದೀನಿ."

"ಮೂಸಿದೀರಾ?"

"ದಿನಾ ಮೂಸ್ತೀನಿ."

ಆಕೆ ಎದ್ದು ಲೋಟ ತೊಳೆದರು. ತುಂಬಿದರು. ಕೊಡುವ ಮೊದಲು ನನ್ನ ಮುಖದ ಹತ್ತಿರ ಹಿಡಿದರು, ಔಷಧಿ ತೋರಿಸುವ ಹಾಗೆ. ನಾನು ಮೂಸಿ ತಲೆಯಾಡಿಸಿದೆ. ಮಗು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಅವರ ಸೊಂಟಕ್ಕೆ ಜೋತುಬಿದ್ದು ನನ್ನನ್ನು ಕೇಳಿದಳು, "ಅಜ್ಜಿ, ಕ್ಯಾನ್ ಫಾರ್ಮ್ ಅಜ್ಜಿ ಲಿವ್ ವಿತ್ ಅಸ್ ಫಾರೆವರ್?"

"ವಿ ಶಲ್ ಸೀ" ಅಂದೆ.

"ಏನಂತಾಳೆ?" ಅಂದರು ಬೀಗಿತ್ತಿ. ಅಷ್ಟು ಇಂಗ್ಲಿಷು ಅವರಿಗೆ ಆಗಲೇ ಬರುತ್ತಿತ್ತು, ನನಗೆ ಗೊತ್ತು.

"ನೀವು ಯಾವಾಗ್ಲೂ ಇಲ್ಲೇ ಇರ್ಬೇಕಂತೆ."

"ನೀವೇನಂದ್ರಿ?"

"ನೋಡೋಣ ಅಂದೆ."

"ಅಷ್ಟೇನಾ?" ಎಂದು ಅವರು ನಕ್ಕರು, ಆ ಹಳ್ಳಿಯ ಮೀಟಿಂಗಿನ ನಂತರ ಮೊದಲ ಸಲ. ನಾನು ಹಿಟ್ಟನ್ನು ಇನ್ನಷ್ಟು ಜೋರಾಗಿ ನಾದಿದೆ.